ಕಾರಿನ ಬಾಗಿಲ ಮೇಲಿನ ಕೈ

ನಮ್ಮ ಯಜಮಾನರು ತೆಗೆದ ಕಾರ್ ರೇಸಿನ ಫೋಟೋಗಳಲ್ಲಿ ಮುಕ್ಕಾಲು ಪಾಲು ಧೂಳು. ಉಳಿದ ಕಾಲು ಪಾಲಿನಲ್ಲಿ ಕಾರುಗಳ ಹಿಂಭಾಗ. ಕಾರು ಎದುರಿಗೆ ಬರುವಾಗ ಇವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಂತೆ, ಹೋದ ಮೇಲೆ ಕೈಯಲ್ಲಿ ಕ್ಯಾಮೆರಾ ಇದೆ ಎಂಬುದು ನೆನಪಾಗಿ ಗುಂಡಿ ಒತ್ತುತ್ತಿದ್ದರಂತೆ. ಇದನ್ನು ಅವರೇ ಬಂದವರ ಮುಂದೆಲ್ಲ ನಗುನಗುತ್ತಾ ಹೇಳಿಕೊಳ್ಳುತ್ತಿದ್ದರು. ಒಂದೊಂದು ರೋಲಿನಲ್ಲಿ ಹನ್ನೆರಡೇ ಫೋಟೋ, ಅದರಲ್ಲಿ ಒಂಬತ್ತು ಧೂಳು, ಇದರಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ರೇಸ್ ಎಂದರೆ ಈಗ ಟಿವಿಯಲ್ಲಿ ತೋರಿಸುವ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಕಾರುಗಳದ್ದಲ್ಲ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಜನ ಮದುವೆಗೆ, ಆಸ್ಪತ್ರೆಗೆ ಹೋಗುತ್ತಿದ್ದ ಅದೇ ಅಂಬಾಸಿಡರ್, ಅದೇ ಫಿಯಟ್, ಅದೇ ಹೆರಾಲ್ಡ್. ಅವುಗಳ ಬಂಪರ್ ಕಳಚಿ, ಹಿಂದಿನ ಸೀಟು ಕಿತ್ತು, ಹೆಡ್‌ಲೈಟಿಗೆ ಅಡ್ಡಡ್ಡ ಟೇಪು ಅಂಟಿಸಿ, ಬಾಗಿಲ ಮೇಲೆ ಬಿಳಿಯ ವೃತ್ತ ಬಳಿದು ಅದರಲ್ಲಿ ನಂಬರ್ ಬರೆದರೆ ರೇಸ್ ಕಾರು ಆಯಿತು. ಮದ್ರಾಸಿನ ಆಚೆ ಯುದ್ಧದ ಕಾಲದ ವಿಮಾನ ಇಳಿಯುವ ಒಂದು ಹಳೆಯ ರನ್‌ವೇ ಇತ್ತು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಎಲ್ಲರೂ ಅಲ್ಲಿ ಸೇರಿ ಓಡಿಸುತ್ತಿದ್ದರು.

ನಮ್ಮ ಕಡೆಯಿಂದ ಹೋಗುತ್ತಿದ್ದದ್ದು ಒಂದೇ ಕಾರು. ಕುಣಿಗಲ್ಲಿನ ಅಕ್ಕಿ ಗಿರಣಿ ಸಾಹುಕಾರರ ಕೆಂಪು ಫಿಯಟ್. ಅದನ್ನು ರೇಸಿಗೆ ಸಿದ್ಧಮಾಡುತ್ತಿದ್ದವರು ಗುಬ್ಬಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಒಬ್ಬ ಸಾಬರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ತುಮಕೂರಿನಲ್ಲಿ ನಮ್ಮ ಮಾವನವರ ಫೋಟೋ ಸ್ಟುಡಿಯೋ ಇತ್ತು, ಅಲ್ಲಿಂದ ನಮ್ಮ ಯಜಮಾನರು. ಈ ಮೂವರೂ ಹೊರಡುವ ಮೊದಲು ಒಂದು ವಾರ ದೇವರಾಯನದುರ್ಗದ ಏರಿನಲ್ಲಿ ಬೆಳಗಾಗುತ್ತಲೇ ಕಾರು ಹತ್ತಿಸಿ ಇಳಿಸಿ ಪರೀಕ್ಷೆ ಮಾಡುತ್ತಿದ್ದರು. ಬೆಟ್ಟದ ಕೋತಿಗಳಿಗೆ ಆ ಕಾರಿನ ಸದ್ದು ಗೊತ್ತಾಗಿ ಹೋಗಿತ್ತು, ರಸ್ತೆ ಬಿಟ್ಟು ಮರ ಹತ್ತುತ್ತಿದ್ದವು ಎಂದು ನಮ್ಮವರು ಹೇಳುತ್ತಿದ್ದರು. ಕೋತಿಗಳಿಗಿದ್ದ ಬುದ್ಧಿ ನಮ್ಮವರಿಗಿದ್ದಿದ್ದರೆ ಸ್ಟುಡಿಯೋ ಬಿಟ್ಟು ಹೋಗುತ್ತಿರಲಿಲ್ಲ.

ಫೋಟೋ ತೆಗೆಯುವುದು ಅವರ ಕೆಲಸ, ತಿದ್ದುವುದು ನನ್ನದು. ಮದುವೆಯಾಗಿ ಬಂದ ವರ್ಷವೇ ಮಾವನವರು ನನ್ನ ಕೈಬರಹ ನೋಡಿ, "ಕೈ ನಿಧಾನ ಇದೆ, ಕೂತ್ಕೊ" ಎಂದು ತಿದ್ದುವ ಮೇಜಿನ ಮುಂದೆ ಕೂರಿಸಿದರು. ನೆಗೆಟಿವ್ ಮೇಲೆ ತೆಳುವಾಗಿ ಒಂದು ದ್ರವ ಸವರಿ, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿಯಾಗಿ ತುಂಬುತ್ತಾ ಹೋಗಬೇಕು. ಸಿಡುಬಿನ ಕಲೆ, ಮೊಡವೆ, ಕಣ್ಣ ಕೆಳಗಿನ ಕಪ್ಪು, ಹಣೆಯ ಗಾಯ, ಎಲ್ಲವೂ ಹೋಗಬೇಕು. ಹೆಣ್ಣು ಕೇಳಲು ಬರುವವರ ಕೈಗೆ ಹೋಗುವ ಫೋಟೋದಲ್ಲಿ ಐಬು ಕಾಣಬಾರದು. ಕಂಡರೆ ಫೋಟೋದ ತಪ್ಪು, ಹುಡುಗಿಯದ್ದಲ್ಲ ಎಂಬುದು ನಮ್ಮ ಅಂಗಡಿಯ ನಿಯಮ. ಆ ಮೇಜಿನ ಮುಂದೆ ಕೂತು ತುಮಕೂರು ಜಿಲ್ಲೆಯ ಅರ್ಧ ಹುಡುಗಿಯರ ಮುಖವನ್ನು ನಾನೇ ನೆಟ್ಟಗೆ ಮಾಡಿ ಕಳಿಸಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಎಂಬತ್ತರ ದಶಕದ ಮಧ್ಯದಲ್ಲಿ ಸಾಹುಕಾರರಿಗೆ ಅರವತ್ತು ತುಂಬಿತು. ಮಕ್ಕಳು ಅರವತ್ತರ ಶಾಂತಿ ಇಟ್ಟುಕೊಂಡರು, ಬಂದವರಿಗೆ ತೋರಿಸಲು ಅಪ್ಪನ ರೇಸಿನ ದಿನಗಳ ಒಂದು ಆಲ್ಬಮ್ ಆಗಬೇಕು ಎಂದರು. ಮೂವತ್ತು ಫೋಟೋ, ಒಂದೊಂದರ ಕೆಳಗೂ ಯಾವ ಕಾರು, ಓಡಿಸುತ್ತಿರುವವರು ಯಾರು ಎಂದು ಬಿಳಿ ಇಂಕಿನಲ್ಲಿ ಬರೆದಿರಬೇಕು. ನಮ್ಮವರು ಕುಣಿಯುತ್ತಾ ಒಪ್ಪಿಕೊಂಡು ಬಂದರು. ಬರೆಯುವವಳು ನಾನಲ್ಲವೇ, ಅವರಿಗೇನು.

ನೆಗೆಟಿವ್‌ಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿದ್ದವು. ಪ್ರತಿ ರೋಲಿಗೂ ಒಂದು ಕಾಗದದ ಕವರು, ಕವರಿನ ಮೇಲೆ ನಮ್ಮವರ ಅಕ್ಷರ. ಮೊದಲನೆಯದರ ಮೇಲೆ "ಕಾರು" ಎಂದಿತ್ತು. ಎರಡನೆಯದರ ಮೇಲೂ "ಕಾರು". ಮೂರನೆಯದರ ಮೇಲೆ "ಕಾರು, ಮತ್ತೆ". ಐದೋ ಆರೋ ವರ್ಷದ ರೇಸುಗಳು ಕಲಸಿಹೋಗಿದ್ದವು.

"ರೀ, ಇಸವಿನಾದ್ರೂ ಬರೀಬಾರದಿತ್ತಾ?" ಎಂದೆ.

"ನೋಡಿದ್ರೆ ಗೊತ್ತಾಗುತ್ತೆ ಕಣೇ" ಎಂದರು.

ನೋಡಿದರೆ ಏನು ಗೊತ್ತಾಗುತ್ತಿತ್ತು? ಎಲ್ಲ ಕಪ್ಪುಬಿಳುಪು. ಕೆಂಪು ಕಾರು ಕಪ್ಪಾಗಿ ಕಾಣುತ್ತಿತ್ತು, ಹಸಿರು ಕಾರೂ ಕಪ್ಪಾಗಿಯೇ ಕಾಣುತ್ತಿತ್ತು. ನಂಬರ್ ನೋಡೋಣವೆಂದರೆ ಒಂದು ವರ್ಷ ಆರನೇ ನಂಬರ್ ಸಾಹುಕಾರರದ್ದಾದರೆ ಮುಂದಿನ ವರ್ಷ ಅದೇ ನಂಬರ್ ಯಾವನೋ ಕೊಯಮತ್ತೂರಿನವನದ್ದು. ಮುಖ ನೋಡೋಣವೆಂದರೆ ಎಲ್ಲರಿಗೂ ಹೆಲ್ಮೆಟ್, ಕಣ್ಣಿಗೆ ದೊಡ್ಡ ಕನ್ನಡಕ, ಧೂಳಿಗೆ ಮೂಗಿನ ಮೇಲೆ ಕರ್ಚೀಫು. ನಮ್ಮವರು ಮಾತ್ರ ಒಂದು ಚೂರೂ ಅನುಮಾನವಿಲ್ಲದೆ ಹೇಳುತ್ತಾ ಹೋಗುತ್ತಿದ್ದರು. ಬೆಳಿಗ್ಗೆ ಅಂಬಾಸಿಡರ್ ಎಂದದ್ದು ಊಟವಾದ ಮೇಲೆ ಹೆರಾಲ್ಡ್ ಆಗುತ್ತಿತ್ತು. ನಾನು ಎರಡು ಸಲ ಬರೆದು, ಎರಡು ಸಲ ಅಳಿಸಿ, ಆಲ್ಬಮ್ಮಿನ ಕಪ್ಪು ಹಾಳೆ ಬೂದು ಹಿಡಿದು, ಕೊನೆಗೆ ಗುಬ್ಬಿಗೆ ಹೇಳಿಕಳಿಸಿದೆ, ಮೇಸ್ತ್ರಿ ಬಂದು ಗುರುತು ಹಿಡಿದು ಕೊಡಲಿ ಎಂದು.

ಮೇಸ್ತ್ರಿ ಶುಕ್ರವಾರ ನಮಾಜು ಮುಗಿಸಿಕೊಂಡು ಬಸ್ಸಿನಲ್ಲಿ ಬಂದರು. ಬಿಳಿ ಜುಬ್ಬದಲ್ಲಿದ್ದರು, ಉಗುರಿನ ಸಂದಿಯಲ್ಲಿ ಮಾತ್ರ ಗ್ರೀಸು ಹಾಗೇ ಇತ್ತು. ನಿಜ ಹೇಳುತ್ತೇನೆ, ಆ ಮನುಷ್ಯನ ಕಣ್ಣಿಗೆ ಕೈ ಮುಗಿಯಬೇಕು. ಮುಖ ನೋಡುತ್ತಿರಲಿಲ್ಲ, ನಂಬರ್ ನೋಡುತ್ತಿರಲಿಲ್ಲ. ಫೋಟೋ ಕಣ್ಣ ಹತ್ತಿರ ಹಿಡಿದು, "ಇದರ ಸೈಲೆನ್ಸರ್ ನೋಡಿ ಅಕ್ಕಾ, ತಂತಿ ಕಟ್ಟಿದೀನಿ. ಇದು ನಮ್ ಗಾಡಿ, ಮೊದಲ್ನೇ ವರ್ಷ" ಎನ್ನುತ್ತಿದ್ದರು. "ಇದು ನಮ್ದಲ್ಲ, ಇದರ ಹಿಂದಿನ ಸ್ಪ್ರಿಂಗ್ ಪಟ್ಟಾ ಇಳಿದದೆ, ಎಡಕ್ಕೆ ವಾಲ್ತಾ ಐತೆ." ಒಂದು ಮಧ್ಯಾಹ್ನದಲ್ಲಿ ಇಪ್ಪತ್ತೊಂದು ಫೋಟೋ ಮುಗಿದವು. ನಮ್ಮವರು ಪಕ್ಕದಲ್ಲಿ ಕೂತು, "ನಾನೂ ಅದೇ ಹೇಳ್ದೆ" ಎಂದು ತಲೆಯಾಡಿಸುತ್ತಿದ್ದರು. ಒಂದು ಸಲವೂ ಅದೇ ಹೇಳಿರಲಿಲ್ಲ.

ಇಪ್ಪತ್ತೆರಡನೆಯ ಫೋಟೋವನ್ನು ಯಾರೂ ಗುರುತು ಹಿಡಿಯಬೇಕಾಗಿರಲಿಲ್ಲ. ಹತ್ತು ವರ್ಷದಿಂದ ನಮ್ಮ ಸ್ಟುಡಿಯೋ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಅದರ ದೊಡ್ಡ ಪ್ರತಿ ಇತ್ತು, ಸಾಹುಕಾರರ ಗಿರಣಿಯ ಆಫೀಸಿನಲ್ಲೂ ಇತ್ತು. ನಮ್ಮವರು ಜೀವಮಾನದಲ್ಲಿ ತೆಗೆದ ಒಂದೇ ಒಂದು ಒಳ್ಳೆಯ ರೇಸ್ ಫೋಟೋ ಅದು. ಯಾಕೆಂದರೆ ಕಾರು ನಿಂತಿತ್ತು. ರೇಸು ಶುರುವಾಗುವ ಮುಂಚೆ ಬಾವುಟ ಬೀಳುವುದನ್ನೇ ಕಾಯುತ್ತಾ ಸಾಹುಕಾರರು ಒಳಗೆ ಕೂತಿದ್ದಾರೆ, ಹೆಲ್ಮೆಟ್, ಕನ್ನಡಕ, ಕರ್ಚೀಫು. ಬಲಗೈ ಕಿಟಕಿಯಿಂದ ಹೊರಗೆ ಬಂದು ಬಾಗಿಲ ಮೇಲೆ ಅಂಗೈ ಊರಿದೆ, ಬೆರಳುಗಳೆಲ್ಲ ಅಗಲಿಸಿಕೊಂಡು. ಕೆಂಪು ಬಾಗಿಲು ಕಪ್ಪಾಗಿ ಬಂದದ್ದರಿಂದ ಕೈ ಬೆಳ್ಳಗೆ ಎದ್ದು ಕಾಣುತ್ತಿತ್ತು. ಆ ರೇಸಿನಲ್ಲಿ ಸಾಹುಕಾರರಿಗೆ ಮೂರನೇ ಸ್ಥಾನ ಬಂದಿತ್ತು, ಬಹುಮಾನದ ಕಪ್ ಸಿಕ್ಕಿತ್ತು. ನಾನು ಆಗಲೇ ಕೆಳಗೆ ಬರೆದೂ ಆಗಿತ್ತು, "ಸಾಹುಕಾರರು ಮೂರನೇ ಸ್ಥಾನ ಗೆದ್ದ ದಿನ" ಎಂದು.

ಮೇಸ್ತ್ರಿ ಅದನ್ನು ಓದಿದರು. ಲೋಟದಲ್ಲಿದ್ದ ಟೀ ಮುಗಿಸಿದರು. ಆಮೇಲೆ ಮೆತ್ತಗೆ, "ಅಕ್ಕಾ, ಇದೊಂದು ಅಳಿಸ್ಬುಡಿ" ಎಂದರು.

"ಯಾಕೆ?"

"ಇದು ನಾನು."

ನಾನು ನಮ್ಮವರ ಮುಖ ನೋಡಿದೆ. ನಮ್ಮವರು ಫ್ಯಾನು ನೋಡುತ್ತಿದ್ದರು.

ನಡೆದದ್ದು ಹೀಗೆ. ಆ ಬೆಳಿಗ್ಗೆ ಸಾಹುಕಾರರಿಗೆ ಹೊಟ್ಟೆ ಕೆಟ್ಟು ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಹೆಸರು ಅವರದ್ದು ಕೊಟ್ಟಾಗಿತ್ತು, ಬದಲಾಯಿಸಲು ಸಮಯವಿರಲಿಲ್ಲ. ಮೇಸ್ತ್ರಿ ಅವರ ಹೆಲ್ಮೆಟ್ ಹಾಕಿಕೊಂಡು, ಮುಖದ ತುಂಬ ಕರ್ಚೀಫು ಕಟ್ಟಿಕೊಂಡು ಹೋಗಿ ಕೂತರು. ಮೂರನೆಯವರಾಗಿ ಬಂದರು. ಕಪ್ ಇಸಿದುಕೊಳ್ಳುವ ಹೊತ್ತಿಗೆ ಸಾಹುಕಾರರು ಹೇಗೋ ಎದ್ದು ನಿಂತಿದ್ದರು. ಬೇರೆಯವರು ಓಡಿಸಿದ್ದು ಗೊತ್ತಾದರೆ ಕಪ್ ವಾಪಸು ಹೋಗುತ್ತದೆ, ಬಾಯಿ ಬಿಡಬೇಡಿ, ಮುಂದಿನ ವರ್ಷ ಮೇಸ್ತ್ರಿ ಹೆಸರಲ್ಲೇ ಓಡಿಸೋಣ ಎಂದು ಇಬ್ಬರ ಕೈಯಲ್ಲೂ ಮಾತು ತೆಗೆದುಕೊಂಡರು. ಮುಂದಿನ ವರ್ಷ ಕಾರು ಮಾರಿಬಿಟ್ಟರು.

"ನಿಮಗೆ ಗೊತ್ತಿತ್ತಾ?" ಎಂದು ನಮ್ಮವರನ್ನು ಕೇಳಿದೆ.

"ಗೊತ್ತಿಲ್ದೆ ಏನು, ನಾನೇ ಅಲ್ವಾ ಫೋಟೋ ತೆಗ್ದಿದ್ದು."

"ಹತ್ತು ವರ್ಷದಿಂದ ಹೇಳಲಿಲ್ಲ?"

"ನೀನು ಕೇಳ್ಲಿಲ್ಲ ಕಣೇ."

ಗಾಜಿನ ಪೆಟ್ಟಿಗೆಯಲ್ಲಿ ಸಾಹುಕಾರರು ಎಂದು ತೂಗುಹಾಕಿರುವ ಫೋಟೋ ಸಾಹುಕಾರರದ್ದೇನಾ ಎಂದು ಯಾವ ಹೆಂಡತಿ ಗಂಡನನ್ನು ಕೇಳುತ್ತಾಳೆ? ನನಗೆ ಬಂದ ಸಿಟ್ಟಿಗೆ ಇಂಕಿನ ಸೀಸೆ ಎತ್ತಿ ಎಸೆಯುತ್ತಿದ್ದೆ, ಮೇಸ್ತ್ರಿ ಎದುರಿಗಿದ್ದರು ಎಂದು ಸುಮ್ಮನಾದೆ.

ಮೇಸ್ತ್ರಿಗೆ ಸಿಟ್ಟಿರಲಿಲ್ಲ. ಅದು ನನಗೆ ಇನ್ನೂ ಸಂಕಟ ಮಾಡಿತು. "ನನ್ ಹೆಸ್ರು ಹಾಕಿ ಅನ್ನಲ್ಲ ಅಕ್ಕಾ. ಅವರ್ ಹೆಸ್ರು ಹಾಕ್ಬೇಡಿ, ಅಷ್ಟೇ. ಯಾರ್ಗೂ ಹೇಳ್ದೆ ಇದ್ದೀನಿ, ಇನ್ನೂ ಇರ್ತೀನಿ. ಆದ್ರೆ ಬರೆದು ಇಟ್ಬುಟ್ರೆ ಅದೇ ನಿಜ ಆಗೋಗ್ತದೆ. ನನ್ ಹೆಸ್ರಲ್ಲಿ ಒಂದ್ಸಲಾನೂ ಓಡಿಸ್ಲಿಲ್ಲ ನಾನು. ಇದ್ದಿದ್ದು ಇದೊಂದೇ" ಎಂದರು.

ನನಗೆ ನಂಬಬೇಕು ಎನಿಸಿತು. ಆದರೆ ನನ್ನ ಕಣ್ಣೂ ಒಂದಿದೆಯಲ್ಲ. ಮೇಸ್ತ್ರಿಯ ಬಲಗೈಯ ಉಂಗುರದ ಬೆರಳು ಅರ್ಧವೇ ಇತ್ತು. ಆ ರೇಸಿಗಿಂತ ಎರಡು ವರ್ಷ ಮುಂಚೆಯೇ ಯಾವುದೋ ಲಾರಿಯ ಫ್ಯಾನ್ ಬೆಲ್ಟಿಗೆ ಸಿಕ್ಕಿ ಹೋಗಿತ್ತು. ಅದು ಊರಿಗೇ ಗೊತ್ತು. ಫೋಟೋದ ಕೈಯಲ್ಲಿ ಐದೂ ಬೆರಳು ಲಕ್ಷಣವಾಗಿದ್ದವು.

"ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ಈ ಕೈ ನೋಡಿ" ಎಂದೆ.

ಅವರು ನೋಡಿದರು. ತಮ್ಮ ಕೈಯನ್ನು ಫೋಟೋದ ಪಕ್ಕ ಇಟ್ಟು, ಅಲ್ಲೊಮ್ಮೆ ಇಲ್ಲೊಮ್ಮೆ ನೋಡಿದರು. ಅಷ್ಟು ವರ್ಷ ನಮ್ಮ ಗಾಜಿನ ಪೆಟ್ಟಿಗೆಯ ಮುಂದೆ ಓಡಾಡಿದ್ದ ಮನುಷ್ಯ, ಆದರೆ ಕೈಯನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲವಂತೆ. ಅವರ ಮುಖ ಬಾಡಿಹೋಯಿತು.

"ಕೈ ನಂದೇ ಅಕ್ಕಾ. ಬೆರಳು ನಂದಲ್ಲ" ಎಂದರು.

ಆ ಮಾತು ಕೇಳಿದ್ದೇ ತಡ, ಹತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ಹಾಗೇ ಕಣ್ಣೆದುರು ಬಂತು. ನಾನು ಅದೇ ಮೇಜಿನ ಮುಂದೆ ಕೂತಿದ್ದೇನೆ, ಕವರಿನ ಮೇಲೆ "ಸಾಹುಕಾರರ ಕಾರು, ದೊಡ್ಡದು ಮಾಡಬೇಕು" ಎಂದು ಬರೆದಿದೆ. ನೆಗೆಟಿವ್‌ನಲ್ಲಿ ಒಂದು ಬೆರಳು ಅರ್ಧಕ್ಕೇ ನಿಂತಿದೆ. ಸಾಹುಕಾರರಿಗೆ ಹತ್ತು ಬೆರಳೂ ಇವೆ ಎಂದು ನನಗೆ ಗೊತ್ತು. ಇನ್ನೇನು, ನಮ್ಮವರು ಎಂದಿನಂತೆ ಫಿಲ್ಮ್ ತೊಳೆಯುವಾಗ ಡಬ್ಬಿ ಅಲ್ಲಾಡಿಸದೆ ಬೀದಿ ನೋಡುತ್ತಾ ನಿಂತಿದ್ದಾರೆ, ಗಾಳಿಗುಳ್ಳೆ ಕೂತು ಬೆರಳು ತಿಂದುಹಾಕಿದೆ. ಅವರನ್ನು ಬೈದುಕೊಂಡೇ ಪೆನ್ಸಿಲ್ ಚೂಪು ಮಾಡಿದೆ. ಭೂತಗನ್ನಡಿ ಇಟ್ಟುಕೊಂಡು, ಉಸಿರು ಹಿಡಿದು, ಚುಕ್ಕಿ ಚುಕ್ಕಿ ಸೇರಿಸಿ ಬೆರಳು ಪೂರ್ತಿ ಮಾಡಿದೆ. ಉಗುರನ್ನೂ ಬಿಟ್ಟಿರಲಿಲ್ಲ. ಮಾವನವರು ನೋಡಿ ಭೇಷ್ ಎಂದಿದ್ದರು. ಆ ಭೇಷ್ ಅನ್ನು ನಾನು ವರ್ಷಗಟ್ಟಲೆ ನೆನೆಸಿಕೊಂಡು ಖುಷಿಪಟ್ಟಿದ್ದೆ!

ಅಷ್ಟೊತ್ತು ನಮ್ಮವರನ್ನು, ಸಾಹುಕಾರರನ್ನು, ಬಿಸ್ಕತ್ತಿನ ಡಬ್ಬವನ್ನು ಶಪಿಸುತ್ತಿದ್ದವಳಿಗೆ ಈಗ ಬೈಯಲು ನಾನೊಬ್ಬಳೇ ಉಳಿದೆ. ಆ ಫೋಟೋದಲ್ಲಿ ಮೇಸ್ತ್ರಿ ಎಂದು ಹೇಳುವಂಥದ್ದು ಇದ್ದದ್ದು ಒಂದೇ ಗುರುತು. ಅದನ್ನು ನಾನು ಐಬು ಎಂದು ತಿದ್ದಿ ಇಟ್ಟಿದ್ದೆ.

ಡಬ್ಬ ಪೂರ್ತಿ ಸುರಿದು ಆ ನೆಗೆಟಿವ್ ಹುಡುಕಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬೆರಳಿನ ಜಾಗದಲ್ಲಿ ಪೆನ್ಸಿಲ್ಲಿನ ಹೊಳಪು ಕಾಣಿಸಿತು. ಮೇಸ್ತ್ರಿಗೆ ತೋರಿಸಿದೆ, ನಮ್ಮವರಿಗೂ ತೋರಿಸಿದೆ. ಚಿಕ್ಕ ಹತ್ತಿಯ ಉಂಡೆಯನ್ನು ಟರ್ಪೆಂಟೈನಿಗೆ ಅದ್ದಿ ಮೆತ್ತಗೆ ಒರೆಸಿದೆ. ಎರಡೇ ಸಲ. ಹತ್ತಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಬಂತು. ಹತ್ತು ವರ್ಷ ಊರಿಗೆಲ್ಲ ಸಾಹುಕಾರರನ್ನು ತೋರಿಸಿದ್ದು ಅಷ್ಟೇ ಅಷ್ಟು ಕಪ್ಪು. ಹೊಸದಾಗಿ ಪ್ರಿಂಟ್ ಹಾಕಿದಾಗ ತೊಟ್ಟಿಯ ಔಷಧದ ನೀರಿನಲ್ಲಿ ಬಾಗಿಲು ಬಂತು, ಕೈ ಬಂತು, ಬೆರಳುಗಳು ಬಂದವು, ಒಂದು ಅರ್ಧಕ್ಕೇ ನಿಂತಿತು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಮೇಸ್ತ್ರಿ ಅದನ್ನೇ ನೋಡುತ್ತಾ ನಿಂತಿದ್ದರು.

ಬಿಳಿ ಇಂಕಿನ ಸಾಲು ಅಳಿಸಿ ಹೊಸದು ಬರೆದೆ. "ಗಾಡಿ ಸಾಹುಕಾರರದ್ದು. ಓಡಿಸಿದವರು ಗುಬ್ಬಿಯ ಮೇಸ್ತ್ರಿ. ಮೂರನೇ ಸ್ಥಾನ." ಮೇಸ್ತ್ರಿ ಬೇಡ ಅಕ್ಕಾ ಎಂದರು. ನಮ್ಮವರು, ನಾವು ಮಾತು ಕೊಟ್ಟಿದೀವಲ್ಲೇ ಎಂದರು. "ಕೊಟ್ಟಿರೋದು ನೀವಿಬ್ಬರು, ನಾನಲ್ಲ" ಎಂದು ಇಂಕಿನ ಸೀಸೆಗೆ ಮುಚ್ಚಳ ಹಾಕಿದೆ.

ಮುಂದಿನ ವಾರ ಸಾಹುಕಾರರು ಆಲ್ಬಮ್ ತೆಗೆದುಕೊಂಡು ಹೋಗಲು ತಾವೇ ಬಂದರು. ಒಂದೊಂದೇ ಹಾಳೆ ತಿರುಗಿಸಿ ನಗುತ್ತಾ ಇದ್ದವರು ಆ ಹಾಳೆಯಲ್ಲಿ ನಿಂತರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದೇನಮ್ಮ ಇದು? ನಮ್ಮ ಆಫೀಸಲ್ಲಿರೋದ್ರಲ್ಲಿ ಐದು ಬೆರಳಿದೆ."

"ಐದನೇದು ನಾನು ಬರೆದದ್ದು ಸಾಹುಕಾರ್ರೆ."

"ಬರೆಯೋಕೆ ಬರೋರಿಗೆ ಕತ್ತರಿಸೋಕೂ ಬರುತ್ತೆ."

ಊರಿನ ಮುಖವೆಲ್ಲ ತಿದ್ದಿದ ಸ್ಟುಡಿಯೋದ ಮಾತನ್ನು ಯಾರು ತಾನೇ ನಂಬಬೇಕು? ಮೇಜಿನ ಡ್ರಾಯರಿನಿಂದ ಆ ಹತ್ತಿಯ ಉಂಡೆ ತೆಗೆದು ಅವರ ಮುಂದಿಟ್ಟೆ. ಯಾಕೆ ಬಿಸಾಡದೆ ಇಟ್ಟಿದ್ದೆನೋ ಗೊತ್ತಿಲ್ಲ. "ನಿಮ್ಮ ಬೆರಳು ಇದರಲ್ಲಿದೆ, ಬೇಕಾದ್ರೆ ತಗೊಂಡ್ ಹೋಗಿ" ಎಂದುಬಿಟ್ಟೆ. ನಮ್ಮವರು ಒಳಗೆ ಹೋಗಿ ನೀರು ಕುಡಿದರು.

ಸಾಹುಕಾರರು ಹತ್ತಿಯನ್ನು ನೋಡಿದರು, ಮುಟ್ಟಲಿಲ್ಲ. "ಅವತ್ತೊಂದು ದಿನ ಹೊಟ್ಟೆನೋವು ಬರದೇ ಇದ್ದಿದ್ರೆ ನಾನೇ ಓಡಿಸ್ತಿದ್ದೆ" ಎಂದರು. ಹಾಳೆಯ ಮೇಲಿನ ಫೋಟೋ ತೋರಿಸಿ, "ಹೇಳಿ ಹೇಳಿ ನನಗೇ ಓಡಿಸಿದ ಹಾಗೆ ಆಗ್ಬಿಟ್ಟಿತ್ತಮ್ಮ. ಆ ಕೈ ನಂದೇ ಅಂದ್ಕೊಂಡಿದ್ದೆ" ಎಂದರು. ಆಲ್ಬಮ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಬರೆದದ್ದನ್ನು ಅಳಿಸು ಎನ್ನಲಿಲ್ಲ. ಸರಿ ಎಂದೂ ಅನ್ನಲಿಲ್ಲ. ಶಾಂತಿಯ ದಿನ ಬಂದವರೆಲ್ಲ ಆ ಹಾಳೆ ನೋಡಿದರು, ಓದಿದರು, ಊಟಕ್ಕೆ ಹೋದರು ಎಂದು ನಮ್ಮವರು ಬಂದು ಹೇಳಿದರು. ಇಷ್ಟಕ್ಕೆ ಹತ್ತು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದರಲ್ಲ ಎಂದು ನನಗೆ ಮತ್ತೆ ಮೈ ಉರಿಯಿತು.

ಮರುದಿನ ಮೇಸ್ತ್ರಿ ಬಂದರು. ಗ್ಯಾರೇಜಿಗೆ ಎಂದು ಅರ್ಧ ಬೆರಳಿನ ದೊಡ್ಡ ಪ್ರತಿ ಮಾಡಿ ಇಟ್ಟಿದ್ದೆ. ಎರಡೂ ಕೈಯಲ್ಲಿ ಇಸಿದುಕೊಂಡರು. ಹೊರಡಲಿಲ್ಲ.

"ಅಕ್ಕಾ, ಇನ್ನೊಂದು ಬೇಕಿತ್ತು. ಮನೆಗೆ."

"ಇದೇ ಇನ್ನೊಂದು ಹಾಕಿಕೊಡ್ತೀನಿ ಬಿಡಿ."

"ಇದಲ್ಲ. ಆ ಬೆರಳು ಇರೋದು."

ನಾನು ಪೆನ್ಸಿಲ್ ಕೆಳಗಿಟ್ಟೆ. ಒಂದು ವಾರ ಊಟ ನಿದ್ದೆ ಬಿಟ್ಟು, ಸಾಹುಕಾರರಂಥ ಗಿರಾಕಿಯ ಎದುರು ಮಾತಾಡಿ, ಗಂಡನ ಹತ್ತಿರ ಮುಖ ತಿರುಗಿಸಿಕೊಂಡು ಆ ಬೆರಳು ತೆಗೆದಿದ್ದೇನೆ. ಈಗ ಈ ಮನುಷ್ಯ ಅದೇ ಬೇಕು ಎನ್ನುತ್ತಾರೆ! "ನಿಮಗೇನು ತಲೆ ಸರಿ ಇದೆಯಾ ಮೇಸ್ತ್ರಿ? ಅದು ನಿಮ್ಮದಲ್ಲ ಅಂತ ತಾನೇ ಇಷ್ಟೆಲ್ಲ ಆಗಿದ್ದು?" ಎಂದು ಕೂಗಿದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

ಮೇಸ್ತ್ರಿ ತಲೆ ತಗ್ಗಿಸಿಕೊಂಡು, "ನಮ್ಮಮ್ಮಂಗೆ ಅಕ್ಕಾ. ಬೆರಳು ಹೋದಾಗಿಂದ ನನ್ ಬಲಗೈ ನೋಡಲ್ಲ ಅವ್ಳು. ಊಟಕ್ಕೆ ಕೂತ್ರೆ ಆ ಕಡೆ ತಿರುಗ್ತಾಳೆ. ನಾನು ಗೆದ್ದಿದ್ದು ಹೇಳ್ಬೋದು ಈಗ. ಫೋಟೋ ತೋರ್ಸಿದ್ರೆ ಆ ಕೈ ಕಂಡು ಮತ್ತೆ ಅಳ್ತಾಳೆ. ಅವ್ಳಿಗೊಂದು ಪೂರ್ತಿ ಇರೋದು ಕೊಡಿ" ಎಂದರು.

ನಾನು ಗೊಣಗುತ್ತಲೇ ಎದ್ದೆ. ನೆಗೆಟಿವ್ ಮುಟ್ಟಲಿಲ್ಲ. ಅದನ್ನು ಕವರಿಗೆ ಹಾಕಿ, ಮೇಲೆ ಇಸವಿ, ಕಾರಿನ ನಂಬರ್, ಓಡಿಸಿದವರು ಯಾರು ಎಲ್ಲ ಬರೆದು ಇಟ್ಟಾಗಿತ್ತು. ಇನ್ನೊಂದು ಪ್ರಿಂಟ್ ಹಾಕಿ ಒಣಗಿಸಿ, ಬಿಳಿ ಬಣ್ಣವನ್ನು ತಟ್ಟೆಯಲ್ಲಿ ಬೂದು ಮಾಡಿಕೊಂಡು, ಸಣ್ಣ ಕುಂಚ ಹಿಡಿದು ಕೂತೆ. ಬೆರಳಿನ ಬುಡದ ತನಕ ಕುಂಚ ತಂದವಳು ಅಲ್ಲೇ ನಿಂತೆ. ಹಿಂದಿನ ಸಲ ಸಾಹುಕಾರರದ್ದು ಎಂದುಕೊಂಡು ನನಗೆ ತೋಚಿದಷ್ಟು ಉದ್ದ ಬರೆದಿದ್ದೆ.

"ಹಾಗೆ ನಿಂತ್ಕೊಂಡು ನೋಡ್ಬೇಡಿ, ಬನ್ನಿ ಇಲ್ಲಿ" ಎಂದು ಮೇಸ್ತ್ರಿಯನ್ನು ಕರೆದು ಎದುರಿಗೆ ಕೂರಿಸಿದೆ. "ಎಡಗೈ ಮೇಜಿನ ಮೇಲೆ ಇಡಿ, ಬೆರಳು ಅಗಲಿಸಿ" ಎಂದು, ಅವರ ಉಂಗುರದ ಬೆರಳಿನ ಅಳತೆ ತೆಗೆದುಕೊಂಡೆ.